ಡೋಸ್ ಡಬಲ್ ಆದರೂ ಕೊಲೆಸ್ಟ್ರಾಲ್ ಯಾಕೆ ಅಷ್ಟೇ ಇಳಿಯಿತು?

ಪ್ರಶ್ನೆ (ತುಮಕೂರಿನ ಸದಸ್ಯರು): ನಮಸ್ಕಾರ ಮೇಡಂ. ನನಗೆ 54 ವರ್ಷ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168 ಬಂತು ಅಂತ ಡಾಕ್ಟ್ರು ಅಟೋರ್ವಾಸ್ಟಾಟಿನ್ 10 ಬರೆದುಕೊಟ್ಟರು. ಮುಂದಿನ ಟೆಸ್ಟ್‌ನಲ್ಲಿ 112. ಇನ್ನೂ ಇಳೀಲಿ ಅಂತ 20ಕ್ಕೆ ಏರಿಸಿದರು. ಈ ಸಲ ನೋಡಿದರೆ 103! ಮೊದಲ 10 ಮಿಲಿಗ್ರಾಂಗೆ 56 ಇಳಿದದ್ದು, ಇನ್ನೊಂದು 10ಕ್ಕೆ ಬರೀ 9 ಅಂದರೇನು? ಮೆಡಿಕಲ್ ಶಾಪ್‌ನವನು ಡೂಪ್ಲಿಕೇಟ್ ಕೊಟ್ಟನಾ? ಕೊಬ್ಬು ಕರಗಿಸೋ ಮಾತ್ರೆ ಎರಡರಷ್ಟು ನುಂಗಿದರೆ ಎರಡರಷ್ಟು ಕರಗಬೇಕಲ್ವಾ?

ಉತ್ತರ (ಫಾರ್ಮಕಾಲಜಿ ಬೋಧಕಿ): ಪಾಪ, ಅಂಗಡಿಯವನನ್ನು ಬಿಟ್ಟುಬಿಡಿ. ನಿಮ್ಮ ರಿಪೋರ್ಟ್ ಪಠ್ಯಪುಸ್ತಕದಲ್ಲಿ ಬರೆದಿಟ್ಟ ಹಾಗೇ ಇದೆ. ಸ್ಟಾಟಿನ್ (ನಿಮ್ಮ ಅಟೋರ್ವಾಸ್ಟಾಟಿನ್ ಸೇರಿದ ಔಷಧಿ ಗುಂಪು) ಡೋಸನ್ನು ಪ್ರತಿ ಸಲ ದುಪ್ಪಟ್ಟು ಮಾಡಿದಾಗಲೂ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಮೂಲ ಮಟ್ಟದ ಸುಮಾರು 6 ಪ್ರತಿಶತ ಮಾತ್ರ. 168ರ 6 ಪ್ರತಿಶತ ಅಂದರೆ 10. ನಿಮಗೆ 9 ಇಳಿದಿದೆ.

ತೊಂದರೆ ಇರೋದು 'ಕರಗಿಸೋದು' ಅನ್ನೋ ಕಲ್ಪನೆಯಲ್ಲಿ. ಈ ಮಾತ್ರೆ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಮುಟ್ಟುವುದೇ ಇಲ್ಲ. ಅದರ ಕೆಲಸ ಲಿವರ್‌ನ ಜೀವಕೋಶದೊಳಗೆ. ಅಲ್ಲಿ ಅಸಿಟೈಲ್ ಕೋಎ ಎಂಬ ಪುಟ್ಟ ಅಣುವಿನಿಂದ ಶುರುವಾಗಿ ಮೂವತ್ತರ ಆಸುಪಾಸಿನ ಹಂತಗಳಲ್ಲಿ ಕೊಲೆಸ್ಟ್ರಾಲ್ ತಯಾರಾಗುತ್ತದೆ. ಆರಂಭದಲ್ಲೇ ಎಚ್‌ಎಂಜಿ ಕೋಎ ಎಂಬ ವಸ್ತು ಮೆವಲೋನೇಟ್ ಆಗಿ ಬದಲಾಗಬೇಕು. ಇಡೀ ತಯಾರಿಕೆಯ ವೇಗ ನಿರ್ಧಾರವಾಗೋದು ಇಲ್ಲೇ. ಇದನ್ನು ಮಾಡಿಸುವ ಕಿಣ್ವ ಎಚ್‌ಎಂಜಿ ಕೋಎ ರಿಡಕ್ಟೇಸ್. ಸ್ಟಾಟಿನ್ ಅಣುವಿನ ಒಂದು ತುದಿ ಎಚ್‌ಎಂಜಿಯನ್ನೇ ಹೋಲುತ್ತದೆ. ಹಾಗಾಗಿ ಕಿಣ್ವದಲ್ಲಿ ಅಸಲಿ ಅಣು ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂತುಬಿಡುತ್ತದೆ. ಶಾಶ್ವತವಾಗಿ ಅಲ್ಲ, ಬಂದು ಹೋಗುತ್ತಾ ಪೈಪೋಟಿ ನಡೆಸುತ್ತದೆ.

ಈಗ ಮುಖ್ಯವಾದದ್ದು. ಒಳಗಿನ ಕೊಲೆಸ್ಟ್ರಾಲ್ ಕಡಿಮೆಯಾದ ಕೂಡಲೇ ಜೀವಕೋಶಕ್ಕೆ ಅದು ಗೊತ್ತಾಗುತ್ತದೆ. ಎಸ್‌ಆರ್‌ಇಬಿಪಿ-2 ಎಂಬ ಪ್ರೋಟೀನು ಕೋಶದ ಒಳಪೊರೆಯಲ್ಲಿ ಸುಮ್ಮನೆ ಕೂತಿರುತ್ತದೆ. ಕೊಲೆಸ್ಟ್ರಾಲ್ ಇಳಿದಾಗ ಅದು ಅಲ್ಲಿಂದ ಹೊರಟು, ದಾರಿಯಲ್ಲಿ ಕತ್ತರಿಸಲ್ಪಟ್ಟು, ಅದರ ಒಂದು ತುಂಡು ನ್ಯೂಕ್ಲಿಯಸ್ ಸೇರಿ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಪರಿಣಾಮವಾಗಿ ಕೋಶದ ಮೇಲ್ಮೈಯಲ್ಲಿ ಎಲ್‌ಡಿಎಲ್ ರಿಸೆಪ್ಟರ್‌ಗಳು ಹೆಚ್ಚುತ್ತವೆ. ಅವು ರಕ್ತದಲ್ಲಿ ಹೋಗುತ್ತಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುತ್ತವೆ. ರಿಪೋರ್ಟ್‌ನಲ್ಲಿ ನೀವು ನೋಡಿದ ಇಳಿಕೆ ಬಹುಮಟ್ಟಿಗೆ ಇದೇ. ಅಂದರೆ ಮಾತ್ರೆ ಕೊರತೆ ಹುಟ್ಟಿಸುತ್ತದೆ, ರಕ್ತವನ್ನು ಸೋಸುವುದು ನಿಮ್ಮ ಲಿವರ್ರೇ.

ಆದರೆ ಅದೇ ಎಸ್‌ಆರ್‌ಇಬಿಪಿ-2 ಇನ್ನೂ ಎರಡು ಜೀನ್‌ಗಳನ್ನು ಎಬ್ಬಿಸುತ್ತದೆ. ಒಂದು, ನಾವು ತಡೆದ ರಿಡಕ್ಟೇಸ್ ಕಿಣ್ವದ್ದೇ! ನೀವು ಹೆಚ್ಚು ತಡೆದಷ್ಟೂ ಕೋಶ ಹೆಚ್ಚು ಕಿಣ್ವ ತಯಾರಿಸುತ್ತದೆ. ಇನ್ನೊಂದು ಪಿಸಿಎಸ್‌ಕೆ9 ಎಂಬ ಪ್ರೋಟೀನು, ಇದು ರಿಸೆಪ್ಟರ್‌ಗಳನ್ನು ನಾಶಕ್ಕೆ ಕಳಿಸುತ್ತದೆ. ಹೀಗೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಸ್ವಲ್ಪ ಕಿತ್ತುಕೊಳ್ಳುತ್ತದೆ. ಡೋಸ್ ಏರಿಸಿದಂತೆ ಲಾಭ ಸಣ್ಣದಾಗುತ್ತಾ ಹೋಗುವುದಕ್ಕೆ ಇದು ದೊಡ್ಡ ಕಾರಣ. ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೇ ಜಾಗಕ್ಕೆ ಬರುತ್ತದೆ.

ರಿಸೆಪ್ಟರ್ ಇಷ್ಟು ಮುಖ್ಯ ಅಂತ ತೋರಿಸಿಕೊಟ್ಟವರು ಅಮೆರಿಕದ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1985ರ ನೊಬೆಲ್ ಅವರಿಗೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ರಿಸೆಪ್ಟರ್ ಜೀನ್ ಬಂದ ಮಕ್ಕಳಿಗೆ ಸ್ಟಾಟಿನ್ ಕೊಟ್ಟರೂ ಹೆಚ್ಚೇನೂ ಪ್ರಯೋಜನವಾಗುವುದಿಲ್ಲ. ಕೊರತೆ ಹುಟ್ಟಿದರೂ ಎಳೆದುಕೊಳ್ಳಲು ಸರಿಯಾದ ರಿಸೆಪ್ಟರೇ ಇಲ್ಲ.

ನಿಮ್ಮ ಡಾಕ್ಟ್ರು ಮುಂದೆ ಡೋಸ್ ಏರಿಸುವ ಬದಲು ಎಜೆಟಿಮೈಬ್ ಸೇರಿಸಿದರೆ ಆಶ್ಚರ್ಯಪಡಬೇಡಿ. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವ ದಾರಿಯನ್ನು ತಡೆಯುತ್ತದೆ. ಒಂದೇ ಕಡೆ ಜೋರಾಗಿ ಒತ್ತುವುದಕ್ಕಿಂತ ಎರಡು ಕಡೆ ಮೆಲ್ಲಗೆ ಒತ್ತುವುದು ಎಷ್ಟೋ ಸಲ ವಾಸಿ. 103 ಸಾಕೋ ಸಾಲದೋ ಎನ್ನುವುದು ನಿಮ್ಮ ಬಿಪಿ, ಸಿಗರೇಟು, ಮನೆತನದ ಹೃದ್ರೋಗ ಇವುಗಳ ಮೇಲೆ ನಿಂತಿದೆ. ಅದನ್ನು ಅವರೇ ಹೇಳಬೇಕು.

ಪ್ರಶ್ನೆ (ಉಡುಪಿಯ ಸದಸ್ಯರು): ಮೇಡಂ, ಇದೆಲ್ಲ ಕೆಮಿಕಲ್ ಅಲ್ವಾ? ಆನ್‌ಲೈನ್‌ನಲ್ಲಿ ರೆಡ್ ಈಸ್ಟ್ ರೈಸ್ ಕ್ಯಾಪ್ಸೂಲ್ ಸಿಗುತ್ತೆ, ಪೂರ್ತಿ ನ್ಯಾಚುರಲ್ ಅಂತೆ. ನಮ್ಮ ಕೆಂಪು ಕುಚಲಕ್ಕಿಯಲ್ಲೂ ಇದೇ ಗುಣ ಇದೆಯಾ?

ಉತ್ತರ: ಕುಚಲಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಸರ್. ಅದು ಅಕ್ಕಿಯ ಮೇಲೆ ಮೊನಾಸ್ಕಸ್ ಎಂಬ ಬೂಷ್ಟು ಬೆಳೆಸಿ ಕೆಂಪಾಗಿಸಿದ್ದು. ಅದರಲ್ಲಿರುವ ಮೊನಾಕೊಲಿನ್ ಕೆ ಮತ್ತು ಲೋವಾಸ್ಟಾಟಿನ್ ಎಂಬ ಔಷಧಿ ಒಂದೇ ಅಣು. ಅಂದರೆ ಸ್ಟಾಟಿನ್ ಬೇಡ ಅಂತ ಸ್ಟಾಟಿನ್ನೇ ನುಂಗಿದಂತಾಯಿತು, ಅದೂ ಎಷ್ಟು ಮಿಲಿಗ್ರಾಂ ಅಂತ ಗೊತ್ತಿಲ್ಲದೆ. ಕೆಲವು ಸರಕಿನಲ್ಲಿ ಕಿಡ್ನಿಗೆ ವಿಷವಾದ ಸಿಟ್ರಿನಿನ್ ಕೂಡ ಸಿಕ್ಕಿದೆ.

ಹಾಗೆ ನೋಡಿದರೆ ಸ್ಟಾಟಿನ್‌ಗಳ ಮೂಲವೇ ಬೂಷ್ಟು. ಜಪಾನಿನ ಅಕಿರ ಎಂಡೊ ಸಾವಿರಾರು ಸೂಕ್ಷ್ಮಜೀವಿಗಳನ್ನು ಜಾಲಾಡಿ, ಕ್ಯೋಟೋದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕ ಪೆನಿಸಿಲಿಯಂ ಬೂಷ್ಟಿನಿಂದ 1973ರಲ್ಲಿ ಮೊದಲ ಸ್ಟಾಟಿನ್ ಕಾಂಪ್ಯಾಕ್ಟಿನ್ ಪತ್ತೆಮಾಡಿದರು. ಇಲಿಗಳಿಗೆ ಕೊಟ್ಟರೆ ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ! ಮೇಲೆ ಹೇಳಿದ ತಿರುಗೇಟು, ಅಂದರೆ ತಡೆದಷ್ಟೂ ಹೆಚ್ಚು ಕಿಣ್ವ ತಯಾರಿಸುವುದು, ಇಲಿಯ ಲಿವರ್‌ನಲ್ಲಿ ಭಾರೀ ಜೋರು. ಯೋಜನೆಯೇ ನಿಂತುಹೋಗುವುದರಲ್ಲಿತ್ತು, ಮೊಟ್ಟೆಯಿಡುವ ಕೋಳಿಗಳಿಗೆ ಕೊಟ್ಟು ನೋಡಿದಾಗ ಇಳಿಯಿತು. ಲೋವಾಸ್ಟಾಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ.

ಪ್ರಶ್ನೆ (ಧಾರವಾಡದ ಸದಸ್ಯೆ): ನಮ್ಮ ಅತ್ತೆಯವರಿಗೆ ಈ ಗುಳಿಗಿ ಶುರು ಮಾಡಿದಾಗಿಂದ ತೊಡಿ ನೋವು ಅಂತಾರ್ರಿ. ಕೋಕ್ಯೂ10 ತಗೊಂಡ್ರ ಕಡಿಮಿ ಆಗ್ತದಂತ ಯಾರೋ ಹೇಳಿದ್ರು. ಖರೇನ್ರಿ?

ಉತ್ತರ: ಅಕ್ಕಾರೆ, ಈ ಸಲಹೆಯ ಹಿಂದೆ ತರ್ಕವೇನೋ ಇದೆ. ಮೆವಲೋನೇಟ್‌ನಿಂದ ಕೊಲೆಸ್ಟ್ರಾಲ್ ಒಂದೇ ಅಲ್ಲ, ಜೀವಕೋಶಗಳು ಶಕ್ತಿ ತಯಾರಿಸಲು ಬಳಸುವ ಕೋಕ್ಯೂ10 ಎಂಬ ಅಣುವಿನ ಬಾಲವೂ ತಯಾರಾಗುತ್ತದೆ. ಮೇಲ್ಗಡೆ ತಡೆದರೆ ಕೆಳಗಿನ ಕವಲುಗಳಿಗೂ ನೀರು ಕಡಿಮೆ. ಆದರೆ ಕೋಕ್ಯೂ10 ಕೊಟ್ಟು ನಡೆಸಿದ ಪ್ರಯೋಗಗಳ ಫಲಿತಾಂಶ ಒಂದಕ್ಕೊಂದು ಹೊಂದುವುದಿಲ್ಲ. ನಾನಂತೂ ಅದಕ್ಕೆ ದುಡ್ಡು ಹಾಕಿ ಅಂತ ಹೇಳಲಾರೆ.

ಇನ್ನೊಂದು ವಿಷಯ. ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಬ್ರಿಟನ್ನಿನಲ್ಲಿ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧಿಯಿಲ್ಲದ ತೋರಿಕೆಯ ಮಾತ್ರೆ ಕೊಟ್ಟು, ಕೆಲವು ತಿಂಗಳು ಏನೂ ಕೊಡದೆ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸ್ಟಾಟಿನ್ ತಿಂಗಳ ತೊಂದರೆಯ ಸುಮಾರು 90 ಪ್ರತಿಶತ ತೋರಿಕೆಯ ಮಾತ್ರೆಯಲ್ಲೂ ಕಂಡಿತು. ಹಾಗಂತ ಅತ್ತೆಯವರ ನೋವು ಸುಳ್ಳು ಅಂತಲ್ಲ, ಅದನ್ನು ತಳ್ಳಿಹಾಕಬೇಡಿ. ಡಾಕ್ಟ್ರಿಗೆ ಹೇಳಿ ಸಿಕೆ (ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ) ಮತ್ತು ಥೈರಾಯ್ಡ್ ಟೆಸ್ಟ್ ಮಾಡಿಸಿ. ಥೈರಾಯ್ಡ್ ಕಡಿಮೆಯಿದ್ದರೂ ಹೀಗೇ ನೋಯುತ್ತದೆ, ಕೊಲೆಸ್ಟ್ರಾಲೂ ಏರುತ್ತದೆ. ಡೋಸ್ ಇಳಿಸಿಯೋ ಬೇರೆ ಸ್ಟಾಟಿನ್‌ಗೆ ಬದಲಿಸಿಯೋ ಸರಿಹೋಗುವವರೇ ಹೆಚ್ಚು. ಆದರೆ ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ (ಮೊದಲು ಕೇಳಿದವರೇ): ತುಂಬಾ ಥ್ಯಾಂಕ್ಸ್ ಮೇಡಂ, ಸದ್ಯ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿರಲಿಲ್ಲ. ರಾತ್ರಿಯೇ ತಗೋಬೇಕಾ? ಮತ್ತೆ ನಮ್ಮ ಬೀಗರು ದೇವನಹಳ್ಳಿಯವರು, ಚಕ್ಕೋತ ಕಳಿಸ್ತಾರೆ. ತಿನ್ನಬಹುದಾ?

ಉತ್ತರ: ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಕೆ ರಾತ್ರಿ ಜೋರು. ಸಿಮ್ವಾಸ್ಟಾಟಿನ್ ದೇಹದಲ್ಲಿ ಬೇಗ ಮುಗಿದುಹೋಗುವುದರಿಂದ ಅದನ್ನು ರಾತ್ರಿಯೇ ತಗೋಬೇಕು. ನಿಮ್ಮ ಅಟೋರ್ವಾಸ್ಟಾಟಿನ್ ದಿನವಿಡೀ ಇರುತ್ತದೆ, ಮರೆಯದ ಹೊತ್ತಿಗೆ ತಗೊಳ್ಳಿ.

ಚಕ್ಕೋತದ ವಿಷಯ ಕೇಳಿದ್ದು ಒಳ್ಳೆಯದಾಯಿತು. ಅಟೋರ್ವಾಸ್ಟಾಟಿನನ್ನು ಕರುಳು ಮತ್ತು ಲಿವರ್‌ನಲ್ಲಿ ಒಡೆಯುವುದು ಸಿವೈಪಿ3ಎ4 ಎಂಬ ಇನ್ನೊಂದು ಕಿಣ್ವ. ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಚಕ್ಕೋತದ ಜಾತಿಯ ಹಣ್ಣು) ಒಳಗಿರುವ ಫ್ಯೂರಾನೊಕೂಮರಿನ್ ಎಂಬ ರಾಸಾಯನಿಕಗಳು ಕರುಳಿನ ಈ ಕಿಣ್ವವನ್ನು ಕೆಡಿಸಿಬಿಡುತ್ತವೆ. ಹೊಸ ಕಿಣ್ವ ತಯಾರಾಗಲು ಒಂದೆರಡು ದಿನ ಬೇಕು, ಅಲ್ಲಿಯವರೆಗೆ ಅದೇ ಮಾತ್ರೆಯ ಹೆಚ್ಚು ಭಾಗ ರಕ್ತಕ್ಕೆ ಸೇರುತ್ತದೆ. ಚಕ್ಕೋತ ಗ್ರೇಪ್‌ಫ್ರೂಟ್‌ನ ಮೂಲ ಹಣ್ಣು, ಅದರಲ್ಲೂ ಈ ಅಂಶಗಳಿವೆ. ಪ್ರಮಾಣ ತಳಿಯಿಂದ ತಳಿಗೆ ಬೇರೆ. ಹಾಗಾಗಿ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಅಂತ ಹೊತ್ತು ಬದಲಿಸಿದರೆ ಸಾಲದು. ಎಂದಾದರೂ ಎರಡು ತೊಳೆ ಬಾಯಿಗೆ ಹಾಕಿಕೊಂಡರೆ ಗಾಬರಿ ಬೇಡ, ದಿನಾ ಒಂದು ಹಣ್ಣು ಅಂತ ಕೂರಬೇಡಿ. ಕೊಡಗಿನ ಕಿತ್ತಳೆಗೆ ಈ ತಕರಾರಿಲ್ಲ. ಚಕ್ಕೋತ ಬಿಡಲಾಗದಷ್ಟು ಇಷ್ಟವಿದ್ದರೆ ಡಾಕ್ಟ್ರ ಹತ್ತಿರ ರೋಸುವಾಸ್ಟಾಟಿನ್ ಬಗ್ಗೆ ಕೇಳಿ, ಅದು ಸಿವೈಪಿ3ಎ4 ಮೇಲೆ ಅಷ್ಟಾಗಿ ಅವಲಂಬಿಸಿಲ್ಲ. ಹಾಗೇ ಬೇರೆ ಯಾರಾದರೂ ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಬರೆದರೆ ಸ್ಟಾಟಿನ್ ತಗೋತಿದ್ದೀನಿ ಅಂತ ಮೊದಲೇ ಹೇಳಿ. ಅದೂ ಇದೇ ಕಿಣ್ವವನ್ನು ತಡೆಯುತ್ತದೆ, ಹಣ್ಣಿಗಿಂತ ಜೋರಾಗಿ.