ಬಾಯಲ್ಲಿ ಹೇಳಿದರೆ ನಗುತ್ತಾರೆ, ಅನಿಮೇಷನ್ ಮಾಡಿ ತೋರಿಸಿದರೆ ನಗುವುದಿಲ್ಲ, ಯಾಕೆ?

ಗೆರೆಪುಟ:
ಒಂದು ನಿಮಿಷದ ಅನಿಮೇಷನ್ ಮಾಡಿ ಇಲ್ಲಿ ಹಾಕಿದ್ದೇನೆ. ಕಪಾಟಿನ ಮೇಲೆ ಕೂತ ಬೆಕ್ಕು ಹೂದಾನಿಯನ್ನು ಪಂಜದಿಂದ ತಳ್ಳುತ್ತದೆ. ಕೆಳಗೆ ಓದುತ್ತಾ ಕೂತ ಅಜ್ಜ ತಲೆ ಎತ್ತದೆಯೇ ಕೈ ಚಾಚಿ ಹಿಡಿಯುತ್ತಾನೆ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಅವನ ಕೈಗೆ ಬೀಳುವುದು ಬೆಕ್ಕೇ. ಇದನ್ನು ಬಾಯಲ್ಲಿ ಹೇಳಿದಾಗ ಗೆಳೆಯರೆಲ್ಲ ನಕ್ಕಿದ್ದರು. ಮುಗಿಸಿ ತೋರಿಸಿದರೆ "ಚೆನ್ನಾಗಿ ಬಿಡಿಸಿದ್ದೀಯ" ಅಂದರು, ಅಷ್ಟೇ. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಇಟ್ಟಿದ್ದೇನೆ, ಚಲನೆಯೆಲ್ಲ ನುಣುಪಾಗಿದೆ, ಹಿನ್ನೆಲೆಗೆ ಸಂಗೀತವೂ ಇದೆ. ಎಲ್ಲಿ ತಪ್ಪಿದೆ?

ಹನ್ನೆರಡುಫ್ರೇಮ್:
ಎರಡು ಸಲ ಹಾಗೇ ನೋಡಿದೆ, ಆಮೇಲೆ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಜೋಕು ಗಟ್ಟಿಯಾಗಿದೆ, ಅದನ್ನು ಬದಲಿಸಬೇಡಿ. ತಪ್ಪಿರುವುದು ಫ್ರೇಮಿನ ಲೆಕ್ಕ.

ಬೆಕ್ಕು ತಳ್ಳಿ 6 ಫ್ರೇಮ್ ಆಗುವಷ್ಟರಲ್ಲಿ ಅಜ್ಜನ ಕೈ ಬಂದುಬಿಟ್ಟಿದೆ. ಅಂದರೆ ಕಾಲು ಸೆಕೆಂಡು. "ಅಯ್ಯೋ, ಬಿತ್ತು" ಅಂತ ನನಗೆ ಅನ್ನಿಸುವ ಮೊದಲೇ ಹಿಡಿದಾಗಿದೆ. ಹೆದರಿಕೆಯೇ ಹುಟ್ಟದಿದ್ದರೆ ಅದು ಹೋದಾಗ ನಗು ಎಲ್ಲಿಂದ ಬರಬೇಕು? ತಳ್ಳುವ ಮೊದಲು ಬೆಕ್ಕು ಒಮ್ಮೆ ಅಜ್ಜನ ಕಡೆ ನೋಡಲಿ. ನೋಡಿ ಹಾಗೇ ಇರಲಿ, 16 ಫ್ರೇಮ್. ಬಾಲದ ತುದಿ ಮಾತ್ರ ಅಲ್ಲಾಡಲಿ. ಬೆಕ್ಕಿನ ಮನಸ್ಸಿನಲ್ಲಿ ಏನಿದೆ ಎಂದು ನೋಡುವವರಿಗೆ ಗೊತ್ತಾಗುವುದು ಆ ಹೊತ್ತಿನಲ್ಲೇ.

ಬಾಯಲ್ಲಿ ಹೇಳುವಾಗ ನೀವು ಎದುರಿನವರ ಮುಖ ನೋಡಿಕೊಂಡು ಎಲ್ಲಿ ತಡೆಯಬೇಕೋ ಅಲ್ಲಿ ತಡೆದಿರುತ್ತೀರಿ. ಬಿಡಿಸುವಾಗ ಆ ಮುಖ ಇಲ್ಲ. ಒಂದೇ ಶಾಟನ್ನು ಇನ್ನೂರು ಸಲ ನೋಡಿದ ಕಣ್ಣಿಗೆ ಅರ್ಧ ಸೆಕೆಂಡಿನ ನಿಲುವೂ ಬೇಸರ ತರಿಸುತ್ತದೆ, ಕೈ ತಾನಾಗಿಯೇ ಕತ್ತರಿಸುತ್ತದೆ. ನನ್ನ ಮೊದಲ ನಾಲ್ಕು ಚಿತ್ರಗಳೂ ಹೀಗೇ ಸತ್ತವು. ಈಗ ಬಣ್ಣ ಹಚ್ಚುವ ಮೊದಲೇ ಒರಟು ಚಿತ್ರಗಳನ್ನೇ ಹೊತ್ತಿಗೆ ತಕ್ಕಂತೆ ಜೋಡಿಸಿದ ಅನಿಮ್ಯಾಟಿಕ್ ಮಾಡಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸುತ್ತೇನೆ. ಆಗ ನಾನು ಪರದೆ ನೋಡುವುದಿಲ್ಲ, ಅವರ ಮುಖ ನೋಡುತ್ತೇನೆ.

ಇನ್ನು ಆ ನುಣುಪು. ಎರಡು ಕೀಫ್ರೇಮ್, ಅಂದರೆ ಮೊದಲ ಮತ್ತು ಕೊನೆಯ ಚಿತ್ರ, ಇಟ್ಟು ನಡುವಿನದನ್ನೆಲ್ಲ ತಂತ್ರಾಂಶವೇ ತುಂಬುವ ಟ್ವೀನ್‌ಗೆ ಬಿಟ್ಟಿದ್ದೀರಿ, ಅದಕ್ಕೇ ಹೂದಾನಿ ನೀರಿನಲ್ಲಿ ಇಳಿದ ಹಾಗಿದೆ. ಬೀಳುವ ವಸ್ತು ಕೆಳಗೆ ಬಂದಷ್ಟೂ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಅಂತರ ಹೆಚ್ಚಬೇಕು. ಅಜ್ಜನ ಕೈಗಂತೂ ನಡುವಿನ ಚಿತ್ರಗಳೇ ಬೇಡ: ಒಂದು ಫ್ರೇಮಿನಲ್ಲಿ ಪುಸ್ತಕದ ಮೇಲೆ, ಮುಂದಿನದರಲ್ಲಿ ಹೂದಾನಿಯ ಕೆಳಗೆ.

ನಾನು ಕಲಿತದ್ದು ಅನಿಮೇಷನ್ ಮಾಡುವ ತಂತ್ರಾಂಶವಾದ ಫ್ಲ್ಯಾಶ್‌ನಲ್ಲಿ. ಆಗ ಅದು ತೆರೆದಾಗ ತಾನಾಗಿ ಸೆಕೆಂಡಿಗೆ 12 ಫ್ರೇಮ್ ಇರುತ್ತಿತ್ತು. ನಿಧಾನವಾದ ಡಯಲ್-ಅಪ್ ಇಂಟರ್ನೆಟ್‌ನಲ್ಲಿ ಇಳಿಯಬೇಕಾದ್ದರಿಂದ ಫೈಲು ಚಿಕ್ಕದಾಗಿರಬೇಕಿತ್ತು, ಹಾಗಾಗಿ ಪಾತ್ರಗಳು ನಿಂತಲ್ಲೇ ನಿಂತು ರೆಪ್ಪೆ ಬಡಿಯುತ್ತಿದ್ದವು. ಅನಿಮೇಷನ್ ಹಾಕುವ ಜಾಲತಾಣ ನ್ಯೂಗ್ರೌಂಡ್ಸ್‌ನಲ್ಲಿ ಅಂಥವನ್ನು ನೋಡಿ ಹೊಟ್ಟೆ ಹಿಡಿದು ನಕ್ಕಿದ್ದೇನೆ. ಬ್ರೌಸರಿನಲ್ಲಿ ಅವನ್ನು ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್ 2020ರ ಕೊನೆಗೆ ನಿಂತುಹೋಯಿತು, ನನಗೆ ಆ ನಿಲುವಿನ ಮೇಲಿನ ಪ್ರೀತಿ ಹೋಗಿಲ್ಲ.

ಕಿವಿಗೊಟ್ಟವ:
ಸಂಗೀತ ತೆಗೆಯಿರಿ. ಒಂದೇ ಸಮ ಖುಷಿಯ ರಾಗ ಓಡುತ್ತಿದ್ದರೆ ಕಿವಿ ಯಾವುದಕ್ಕೂ ಕಾಯುವುದಿಲ್ಲ. ಗಡಿಯಾರದ ಟಿಕ್ ಟಿಕ್, ಪುಟ ಮಗುಚುವ ಸದ್ದು, ಮರದ ಮೇಲೆ ಹೂದಾನಿ ಸರಿಯುವ ಕರಕರ, ಇಷ್ಟು ಸಾಕು. ತಳ್ಳಿದ ಕೂಡಲೇ ಗಡಿಯಾರವೂ ನಿಲ್ಲಲಿ.

ತಾಳಲೆಕ್ಕ:
ಹನ್ನೆರಡುಫ್ರೇಮ್ ಅವರ ಮಾತಿಗೆ ಒಂದು ತಕರಾರು. ಮೂರು ಸಲವೂ 16 ಫ್ರೇಮ್ ನಿಂತರೆ ಮೂರನೆಯದು ಮೊದಲೇ ಗೊತ್ತಾಗಿಬಿಡುತ್ತದೆ. ಮೊದಲ ಎರಡು ಒಂದೇ ಅಳತೆಯಲ್ಲಿರಲಿ. ಮೂರನೆಯದು ನೋಡುವವರು ಎಣಿಸಿದ ಹೊತ್ತಿಗೆ ಬರಬಾರದು.

ಹನ್ನೆರಡುಫ್ರೇಮ್:
ಒಪ್ಪಿದೆ, ಅದನ್ನು ನಾನು ಹೇಳಬೇಕಿತ್ತು.

ಗೆರೆಪುಟ:
ಮೂರು ದಿನ ಕೂತು ತಿದ್ದಿದೆ. ಸಂಗೀತ ತೆಗೆದೆ, ಬೆಕ್ಕಿನ ನೋಟ ಸೇರಿಸಿದೆ. ಇದರ ಬಗ್ಗೆ ಏನೂ ಗೊತ್ತಿಲ್ಲದ ತಂಗಿಗೆ ತೋರಿಸಿ ಅವಳ ಮುಖವನ್ನೇ ನೋಡುತ್ತಾ ಕೂತೆ. ಎರಡನೆಯ ಸಲ ಬೆಕ್ಕು ಅಜ್ಜನ ಕಡೆ ತಿರುಗಿದ್ದೇ ತಡ, ಏನೂ ಬೀಳುವ ಮೊದಲೇ ನಕ್ಕಳು! ಆದರೆ ಬೆಕ್ಕು ಬಿದ್ದಾಗ ನಗಲಿಲ್ಲ, "ಪಾಪ" ಅಂದಳು.

ಹನ್ನೆರಡುಫ್ರೇಮ್:
ಹಾಗಾದರೆ ಅದು ಬೀಳುವುದನ್ನು ತೋರಿಸಬೇಡಿ. ಮೂರನೆಯ ಸಲ ಪೂರ್ತಿ ಅಜ್ಜನ ಮೇಲೇ ಇರಿ. ಮೇಲಿನಿಂದ ಉಗುರು ಜಾರುವ ಸದ್ದು. ಅಜ್ಜನ ಕೈ ಚೌಕಟ್ಟಿನಿಂದ ಆಚೆ ಹೋಗಲಿ, ವಾಪಸ್ ಬಂದಾಗ ಬೆಕ್ಕು ಅದರಲ್ಲಿ ಕೂತಿರಲಿ, ಅವನು ಓದುತ್ತಿರುವ ಪುಟವನ್ನೇ ನೋಡುತ್ತಾ. ಬಿಡಿಸಲು ನಾಲ್ಕು ಚಿತ್ರ ಸಾಕು. ಮಾಡಿ ಇಲ್ಲೇ ಹಾಕಿ, ಕಾಯುತ್ತಿರುತ್ತೇನೆ.