ರೋಮನ್ ಸ್ಲಾಟ್ ಗೇಮ್: ಲೆಕ್ಕ ಬರೆದವರನ್ನೇ ಕೇಳಿ

ಅಡ್ಮಿನ್: ಬ್ರಿಟನ್ನಿನಲ್ಲಿರೋ ನಮ್ಮ ಗುಂಪಿಗೆ ಈ ಸೀಸರ್-ಕೊಲೋಸಿಯಂ ಸ್ಲಾಟ್ ಗೇಮಿನ (ದುಡ್ಡು ಕಟ್ಟಿ ಚಿತ್ರಗಳ ಚಕ್ರ, ಅಂದ್ರೆ ರೀಲ್, ತಿರುಗಿಸೋ ಆನ್‌ಲೈನ್ ಜೂಜು) ಫಾರ್ವರ್ಡ್‌ಗಳು ವಿಪರೀತ ಬರ್ತಿವೆ. ಮಾಲ್ಟಾದಲ್ಲಿ ಸ್ಲಾಟ್ ಆಟಗಳ ಗಣಿತ ಬರೆಯೋ ಕೆಲಸ ಮಾಡಿದ್ದ ಪ್ರಸನ್ನ ಅವರು ಇವತ್ತು ಉತ್ತರ ಕೊಡ್ತಾರೆ. ದಯವಿಟ್ಟು ಮರ್ಯಾದೆಯಿಂದ ಕೇಳಿ.

ರಘು: ನಮಸ್ಕಾರ ಸರ್. ಆಟದ ಮಾಹಿತಿಯಲ್ಲಿ ಆರ್‌ಟಿಪಿ, ಅಂದ್ರೆ ಆಡೋರಿಗೆ ವಾಪಸ್ ಬರೋ ಪಾಲು, 96 ಪರ್ಸೆಂಟ್ ಅಂತಿದೆ. ನೂರು ಪೌಂಡ್ ಹಾಕಿದ್ರೆ 96 ವಾಪಸ್ ಬಂದೇ ಬರುತ್ತೆ ಅಂತ ತಾನೇ?

ಪ್ರಸನ್ನ: ಅಲ್ಲ ರಘು ಅವರೇ. ಆ 96 ನೀವು ತಂದ ನೂರರ ಮೇಲಲ್ಲ, ಆಡಿದ ಒಟ್ಟು ಬೆಟ್ ಮೇಲೆ. ಅದೂ ಕೋಟಿಗಟ್ಟಲೆ ಸ್ಪಿನ್‌ಗಳ ಸರಾಸರಿ. ಸ್ಪಿನ್‌ಗೆ ಒಂದು ಪೌಂಡಿನಂತೆ ಗಂಟೆಗೆ 600 ಸ್ಪಿನ್ ಆಡಿದ್ರೆ ಬೆಟ್ 600 ಪೌಂಡ್, ಅದರ ನಾಲ್ಕು ಪರ್ಸೆಂಟ್ ಅಂದ್ರೆ 24. ಸರಾಸರಿ ಗಂಟೆಗೆ ಅಷ್ಟು ಹೋಗುತ್ತೆ. ಗೆದ್ದದ್ದನ್ನೇ ಮತ್ತೆ ಹಾಕ್ತಾ ಇರ್ತೀರಲ್ಲ, ನೂರು ಪೌಂಡ್ ಹೀಗೇ ಕರಗೋದು.

ವೀಣಾ: ಸರ್, ಇದು ಫಾರ್ವರ್ಡ್ ಆಗಿ ಬಂದದ್ದು. "ಬೆಳಗಿನ ಜಾವ ಮೂರಕ್ಕೆ ಸರ್ವರ್ ಖಾಲಿ ಇರುತ್ತೆ, ಆಗ ಆಡಿ. 20 ಸಲ ಸಣ್ಣದಾಗಿ ಸೋತು ಆಮೇಲೆ ಒಂದೇ ಸಲ ದೊಡ್ಡದು ಹಾಕಿ." ನಿಜವಾ?

ಪ್ರಸನ್ನ: ಸುಳ್ಳು. ಹಿಂದಿನ ಸೋಲಿಗೂ ಮುಂದಿನ ಸ್ಪಿನ್‌ಗೂ ಸಂಬಂಧವೇ ಇಲ್ಲ.

ಸುಧಾ: ಸರ್, ಮಗಳು ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಮಾಡ್ತಿದಾಳೆ. ಮಾಲ್ಟಾದಲ್ಲಿ ಈ ಥರ ಕೆಲಸ ಸಿಗುತ್ತಾ?

ಹೆಸರು ಬೇಡ: ಸರ್, ನಮ್ಮನೆಯವರು ನೈಟ್ ಶಿಫ್ಟ್ ಮುಗಿಸಿ ಬಂದು ಇದನ್ನೇ ಆಡ್ತಾರೆ. ಕೊಲೋಸಿಯಂ ಚಿತ್ರ ಮೂರು ಬಿದ್ರೆ ಫ್ರೀ ಸ್ಪಿನ್ ಅಂತೆ. ಎರಡು ಬಿದ್ದು ಮೂರನೇದು ಯಾವಾಗ್ಲೂ ಸ್ವಲ್ಪದರಲ್ಲಿ ತಪ್ಪುತ್ತೆ. ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರ್ಕೊಂಡು "ಹತ್ರ ಬಂದಿದೆ, ಈಗ ಬಿಟ್ರೆ ನಷ್ಟ" ಅಂತಾರೆ. ಸ್ಪಿನ್‌ಗೆ ಹತ್ತು ಪೌಂಡ್, ಆಟೋ ಹಾಕಿ ಸ್ನಾನಕ್ಕೆ ಹೋಗ್ತಾರೆ. ಕ್ರೆಡಿಟ್ ಕಾರ್ಡ್ ಬಿಲ್ ನೋಡಿದಾಗ್ಲೇ ನನಗೆ ಗೊತ್ತಾಗಿದ್ದು. ಇದನ್ನ ನಿಲ್ಲಿಸೋಕೆ ಏನಾದ್ರೂ ಸೆಟ್ಟಿಂಗ್ ಇದೆಯಾ?

ಪ್ರಸನ್ನ: ಮೇಡಂ, ನಿಮ್ಮ ಮೂರು ಮಾತು ಓದಿ ಗಾಬರಿಯಾಯ್ತು. ಬ್ರಿಟನ್ನಿನ ಲೈಸೆನ್ಸ್ ಇರೋ ಸೈಟ್ 2020ರ ಏಪ್ರಿಲ್‌ನಿಂದ ಜೂಜಿಗೆ ಕ್ರೆಡಿಟ್ ಕಾರ್ಡ್ ತಗೊಳ್ಳೋ ಹಾಗಿಲ್ಲ. ಸ್ಲಾಟ್‌ನಲ್ಲಿ ಆಟೋಪ್ಲೇ (ತಾನಾಗೇ ಸ್ಪಿನ್ ಆಗ್ತಾ ಇರೋದು) 2021ರ ಅಕ್ಟೋಬರ್‌ನಲ್ಲೇ ನಿಂತಿದೆ. 2025ರ ಏಪ್ರಿಲ್‌ನಿಂದ ಸ್ಪಿನ್‌ಗೆ ಐದು ಪೌಂಡ್ ಮಿತಿ, 18ರಿಂದ 24 ವಯಸ್ಸಿನವರಿಗೆ ಮೇ ತಿಂಗಳಿಂದ ಎರಡೇ. ಅಂದ್ರೆ ಅವರು ಆಡ್ತಿರೋದು ಇಲ್ಲಿನ ಲೈಸೆನ್ಸ್ ಇಲ್ಲದ ಸೈಟ್. ಅಲ್ಲಿ ಬರೆದಿರೋ 96 ಕೂಡ ನಂಬೋ ಹಾಗಿಲ್ಲ, ಗೆದ್ರೂ ದುಡ್ಡು ಕೈಗೆ ಬರುತ್ತೆ ಅನ್ನೋ ಖಾತ್ರಿಯಿಲ್ಲ.

ಇನ್ನು ಆ "ಸ್ವಲ್ಪದರಲ್ಲಿ ತಪ್ಪಿತು" ಅನ್ನೋದು. ಬಟನ್ ಒತ್ತಿದ ತಕ್ಷಣ ಫಲಿತಾಂಶ ತೀರ್ಮಾನ ಆಗಿರುತ್ತೆ, ಆಮೇಲೆ ರೀಲ್ ತಿರುಗೋದು ಬರೀ ಚಿತ್ರ. ಎರಡು ಕೊಲೋಸಿಯಂ ಬಿದ್ದ ಮೇಲೆ ಮುಂದಿನ ರೀಲ್ ನಿಧಾನ ಆಗೋದು, ನಗಾರಿ ಸದ್ದು ಏರೋದು, ಎಲ್ಲ ಬೇಕಂತಲೇ ಇಟ್ಟದ್ದು. ಲೆಕ್ಕಕ್ಕೆ ಒಂದು ಸರಳ ಆಟ ತಗೊಳ್ಳಿ: ಐದು ರೀಲ್, ಒಂದೊಂದರಲ್ಲೂ 30 ಚಿತ್ರ, ಅದರಲ್ಲಿ ಕೊಲೋಸಿಯಂ ಒಂದೇ, ಪರದೆ ಮೇಲೆ ಮೂರು ಸಾಲು. ಸಾವಿರ ಸ್ಪಿನ್‌ನಲ್ಲಿ ಎರಡೇ ಕೊಲೋಸಿಯಂ ಬೀಳೋದು ಸುಮಾರು 73 ಸಲ, ಮೂರು ಅಥವಾ ಹೆಚ್ಚು ಬೀಳೋದು 8-9 ಸಲ. ಒಂದು ಗೆಲುವಿಗೆ ಎಂಟು "ಅಯ್ಯೋ ತಪ್ಪಿತು". ನೋಟ್‌ಬುಕ್ ತುಂಬಿರೋದು ಇದರಿಂದಲೇ. ಹತ್ರ ಬಂದದ್ದೇನೂ ಇಲ್ಲ.

ಗ್ಯಾಮ್‌ಸ್ಟಾಪ್ ಅಂತ, ಜೂಜಿನ ಸೈಟ್‌ಗಳಿಂದ ತಮ್ಮನ್ನ ತಾವೇ ಹೊರಗಿಡಿಸಿಕೊಳ್ಳೋ ಸೇವೆ ಇದೆ, ಅದರಲ್ಲಿ ಹೆಸರು ಹಾಕಿಸಿದ್ರೆ ಲೈಸೆನ್ಸ್ ಇರೋ ಸೈಟ್‌ಗಳಷ್ಟೇ ಮುಚ್ಚುತ್ತೆ. ಇಂಥದ್ದಕ್ಕೆ ಫೋನ್‌ನಲ್ಲಿ ಜೂಜಿನ ಸೈಟ್ ತಡೆಯೋ ಗ್ಯಾಮ್‌ಬ್ಯಾನ್ ಥರದ ಆ್ಯಪ್ ಹಾಕಬೇಕು, ಬ್ಯಾಂಕ್ ಆ್ಯಪ್‌ನಲ್ಲಿ ಜೂಜಿನ ಬ್ಲಾಕ್ ಆನ್ ಮಾಡಬೇಕು. ಎರಡಕ್ಕೂ ಅವರು ಒಪ್ಪಬೇಕು. ಜೂಜಿನ ಸಹಾಯವಾಣಿ 0808 8020 133, ದಿನದ 24 ಗಂಟೆ, ಉಚಿತ. ಅವರು ಫೋನ್ ಮಾಡದಿದ್ರೆ ನೀವು ಮಾಡಿ, ಸಹಾಯವಾಣಿಯವರು ಮನೆಯವರ ಜೊತೆಗೂ ಮಾತಾಡ್ತಾರೆ. ಬಿಲ್‌ನಲ್ಲಿ ಯಾವ ಅಂಗಡಿ ಹೆಸರಿದೆ? ಆ ಸೈಟಿಗೆ ಪಾಸ್‌ಪೋರ್ಟ್ ಫೋಟೋ ಕಳಿಸಿದಾರಾ? ದುರುಪಯೋಗ ಆಗಬಹುದು.

ಮಧು: ಮಧ್ಯೆ ಒಂದು. ಸೀಸರ್ ಕೊಲೆಯಾಗಿದ್ದು ಕ್ರಿ.ಪೂ. 44. ರೋಮಿನ ಕೊಲೋಸಿಯಂ ಕ್ರೀಡಾಂಗಣದ ಉದ್ಘಾಟನೆ ಚಕ್ರವರ್ತಿ ಟೈಟಸ್ ಕಾಲದಲ್ಲಿ, ಕ್ರಿ.ಶ. 80. ಆಟದಲ್ಲಿ ಸೀಸರ್ ಅಲ್ಲೇ ಕೂತು ಕೈ ಬೀಸ್ತಾನೆ! 124 ವರ್ಷ ವ್ಯತ್ಯಾಸ.

ಗುರು: 123. ಸೊನ್ನೆ ಅನ್ನೋ ವರ್ಷ ಇಲ್ಲ.

ಮಧು: ಆಯ್ತು ಮೇಷ್ಟ್ರೇ.

ಗುರು: ಮೇಷ್ಟ್ರು ಅಂತ ವ್ಯಂಗ್ಯ ಬೇಡ. ರೋಮ್‌ನಲ್ಲೂ ಜೂಜಿಗೆ ಕಾನೂನಿನ ನಿಷೇಧ ಇತ್ತು, ಡಿಸೆಂಬರ್‌ನ ಸ್ಯಾಟರ್ನೇಲಿಯಾ ಹಬ್ಬಕ್ಕೆ ಮಾತ್ರ ವಿನಾಯಿತಿ. ಆದ್ರೂ ಚಕ್ರವರ್ತಿ ಆಗಸ್ಟಸ್ ದಾಳ ಬಿಡ್ಲಿಲ್ಲ. ಚಕ್ರವರ್ತಿ ಕ್ಲಾಡಿಯಸ್ ಅಂತೂ ದಾಳದ ಮೇಲೆ ಪುಸ್ತಕನೇ ಬರೆದ ಅಂತ ರೋಮನ್ ಇತಿಹಾಸಕಾರ ಸ್ಯೂಟೋನಿಯಸ್ ಹೇಳ್ತಾನೆ.

ರಘು: ನೋಡಿ, ಚಕ್ರವರ್ತಿಗಳೇ ಆಡಿದಾರೆ.

ಮಧು: ಧರ್ಮರಾಯನೂ ಆಡಿದ. ಕಾಡಿಗೆ ಹೋದ.

ರಘು: ಅದು ಶಕುನಿಯ ಮೋಸ. ಇದು ಕಂಪ್ಯೂಟರ್.

ಗುರು: ಶಕುನಿಗೆ ಪರ್ಸೆಂಟೇಜ್ ಇರ್ಲಿಲ್ಲ, ಇದಕ್ಕಿದೆ. ಅಷ್ಟೇ ವ್ಯತ್ಯಾಸ.

ನಾಗೇಶ: ಆ ಮೇಡಂಗೆ ಉಪಯೋಗ ಆಗ್ಲಿ ಅಂತ ಹಾಕ್ತಿದೀನಿ. "ಗ್ಯಾಮ್‌ಸ್ಟಾಪ್ ಇಲ್ಲದ ಹತ್ತು ಒಳ್ಳೇ ಸೈಟ್‌ಗಳು", ಫಾರ್ವರ್ಡ್.

ಪ್ರಸನ್ನ: ನಾಗೇಶ್, ಅದನ್ನ ಈಗಲೇ ಅಳಿಸಿ. ಬಿಡಬೇಕು ಅಂತ ಹೊರಟವರನ್ನ ಹಿಡಿಯೋಕೆ ಮಾಡಿರೋ ಪಟ್ಟಿ ಅದು. ಕಳಿಸೋ ಮುಂಚೆ ಒಂದ್ಸಲ ಓದೋದಿಲ್ವಾ?

ನಾಗೇಶ: ಒಳ್ಳೇದಕ್ಕೆ ಹಾಕಿದ್ದು ಸರ್. ಆಟ ಮಾಡಿಕೊಟ್ಟು ಸಂಬಳ ಎಣಿಸಿದವರು ನಮಗೆ ಬುದ್ಧಿ ಹೇಳೋದು ಚೆನ್ನಾಗಿದೆ.

ಪ್ರಸನ್ನ: ಹೌದು, ಎಣಿಸಿದೀನಿ. ಪಟ್ಟಿ ಅಳಿಸಿ.

ಶಂಕರ: ಮನೆ ವಿಷಯ ಗುಂಪಿಗೆ ತರಬಾರದಿತ್ತು ಅಂತ ನನ್ನ ಅಭಿಪ್ರಾಯ.

ವೀಣಾ: ನಿಮ್ಮ ಅಭಿಪ್ರಾಯ ಯಾರೂ ಕೇಳ್ಲಿಲ್ಲ ಶಂಕರ್. ಸಾಲ ತೀರಿಸೋದು ನೀವಾ?

ರಘು: ಸರ್, ಊರಲ್ಲಿರೋ ತಮ್ಮನಿಗೆ ಲಿಂಕ್ ಕಳಿಸಬಹುದಾ?

ಪ್ರಸನ್ನ: ಬೇಡ. ಭಾರತದಲ್ಲಿ 2025ರ ಆಗಸ್ಟ್‌ನ ಕಾಯ್ದೆ ಪ್ರಕಾರ ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ನಡೆಸೋದೂ ಅಪರಾಧ, ಅದರ ಜಾಹೀರಾತೂ ಅಪರಾಧ.

ಸುಧಾ: ಸರ್, ಎಂಎಸ್ಸಿ ವಿಷಯ?

ಹೆಸರು ಬೇಡ: ಬಿಲ್‌ನಲ್ಲಿ ಯಾವುದೋ ಬಟ್ಟೆ ಅಂಗಡಿ ಹೆಸರಿದೆ ಸರ್. ಪಾಸ್‌ಪೋರ್ಟ್ ಕಳಿಸಿದಾರಂತೆ.

ಪ್ರಸನ್ನ: ಬಟ್ಟೆ ಅಂಗಡಿ ಹೆಸರಲ್ಲಿ ಬಂದ್ರೆ ಬ್ಯಾಂಕಿನ ಬ್ಲಾಕ್‌ಗೆ ಅದು ಜೂಜು ಅಂತ ತಿಳಿಯೋದೇ ಇಲ್ಲ. ಕಾರ್ಡ್ ಅವರ ಹೆಸರಲ್ಲಿದ್ರೆ ಅವರೇ ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ ಆ ಕಾರ್ಡ್ ನಿಲ್ಲಿಸಲಿ, ಪಾಸ್‌ಪೋರ್ಟ್ ವಿಷಯಾನೂ ಹೇಳಲಿ. ನಿಮ್ಮ ಹೆಸರಲ್ಲಿ ಹೊಸ ಸಾಲಕ್ಕೆ ಸಹಿ ಕೇಳಿದ್ರೆ ಹಾಕಬೇಡಿ. ಉಳಿದದ್ದು ನನಗೆ ಖಾಸಗಿಯಾಗಿ ಬರೆಯಿರಿ, ಇಲ್ಲಿ ಬೇಡ.

ರಘು: ಸರ್, ಬೇರೆ ಒಂದು ರೋಮನ್ ಆಟದಲ್ಲಿ ಆರ್‌ಟಿಪಿ 97 ಇದೆ. ಅದಾದ್ರೆ?

ಪ್ರಸನ್ನ: ಗಂಟೆಗೆ 24ರ ಬದಲು 18 ಪೌಂಡ್ ಹೋಗುತ್ತೆ. ಮೊದಲನೇ ಉತ್ತರ ಓದಿ.