ಎರಡು ತಿಂಗಳ ವಾಕಿಂಗ್, ಇಳಿದದ್ದು ಒಂದೇ ಕೆ.ಜಿ.: ನಲವತ್ತು ದಾಟಿದವರು ನಿಮ್ಮ ಅನುಭವ ಹೇಳಿ

ಕೇಳಿದವರು (47, ಕುರ್ಚಿ ಕೆಲಸ)

ನನ್ನ ಎತ್ತರ 165 ಸೆಂ.ಮೀ., ತೂಕ 82 ಕೆ.ಜಿ. ರಕ್ತದ ಸಕ್ಕರೆ ಗಡಿಯಲ್ಲಿದೆ, ಇನ್ನೂ ಮಾತ್ರೆ ಇಲ್ಲ. ತೂಕ ಇಳಿಸಿ ಎಂದು ಡಾಕ್ಟರ್ ಹೇಳಿದ್ದಾರೆ. ಎರಡು ತಿಂಗಳಿನಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತಿದ್ದೇನೆ. ಇಳಿದದ್ದು ಒಂದೇ ಕೆ.ಜಿ. ‘ಈ ವಯಸ್ಸಿಗೆ ಮೆಟಬಾಲಿಸಂ ಬಿದ್ದುಹೋಗಿರುತ್ತೆ, ಇನ್ನೇನು ಇಳಿಯುತ್ತೆ’ ಎನ್ನುತ್ತಾರೆ ಮನೆಯಲ್ಲಿ. ಉಪವಾಸ, ಪಥ್ಯ ಎಲ್ಲ ನನ್ನ ಕೈಲಿ ಆಗುವುದಿಲ್ಲ. ವ್ಯಾಯಾಮ ಮಾಡಿಕೊಂಡು ನಿಧಾನವಾಗಿ ಇಳಿಸಿದವರು ಇದ್ದೀರಾ? ಬಲ ಮಂಡಿ ಸ್ವಲ್ಪ ನೋಯುತ್ತದೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

53, ಲೆಕ್ಕಪತ್ರದ ಕೆಲಸ

ಸರ್, ಮೊದಲು ಒಂದು ಲೆಕ್ಕ ಹಾಕೋಣ. ನಿಮ್ಮ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ, ಸುಮ್ನೆ ಕೂತಿದ್ದಾಗ ಆಗುವ ಖರ್ಚಿಗಿಂತ ಸುಮಾರು 120ರಿಂದ 150 ಕ್ಯಾಲೊರಿ ಜಾಸ್ತಿ ಖರ್ಚಾಗುತ್ತದೆ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಭಾಗಿಸಿ ನೋಡಿ, ಹತ್ತಿರ ಹತ್ತಿರ ಎರಡು ತಿಂಗಳು ಬರುತ್ತದೆ. ನಿಮಗೆ ಇಳಿದದ್ದೂ ಅಷ್ಟೇ ಅಲ್ವಾ? ಹಾಗಾಗಿ ಏನೂ ಕೆಟ್ಟಿಲ್ಲ. ಅರ್ಧ ಗಂಟೆಯ ನಡಿಗೆಯಿಂದ ಎಷ್ಟು ಇಳಿಯಬೇಕೋ ಅಷ್ಟು ಇಳಿದಿದೆ. ಇದೇ ಲೆಕ್ಕದಲ್ಲಿ ವರ್ಷಕ್ಕೆ ಆರು ಕೆ.ಜಿ. ಎಂದು ಮಾತ್ರ ಕೂಡಿಸಬೇಡಿ. ತೂಕ ಕಡಿಮೆಯಾದ ಹಾಗೆ ಅದೇ ನಡಿಗೆಗೆ ಆಗುವ ಖರ್ಚೂ ಕಡಿಮೆಯಾಗುತ್ತದೆ. ಹಸಿವೂ ಗೊತ್ತಾಗದಂತೆ ಸ್ವಲ್ಪ ಏರುತ್ತದೆ.

ಮನೆಯವರು ಹೇಳುವ ಮೆಟಬಾಲಿಸಂ ವಿಷಯಕ್ಕೆ ಬರೋಣ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಅವರ ಜೊತೆಗಾರರ ದೊಡ್ಡ ಅಧ್ಯಯನ ಬಂತು. 29 ದೇಶಗಳ 6,400ಕ್ಕೂ ಹೆಚ್ಚು ಜನರ ದೇಹ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂಬ ಅಳತೆಗಳು ಅದರಲ್ಲಿದ್ದವು. ಮೈಗಾತ್ರದ ವ್ಯತ್ಯಾಸ ಬಿಟ್ಟು ನೋಡಿದರೆ 20ರಿಂದ 60ರವರೆಗೆ ಈ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ನಿಧಾನಕ್ಕೆ ಇಳಿಯಲು ಶುರುವಾಗಿದ್ದು 60ರ ಆಸುಪಾಸಿನಲ್ಲಿ. ಅಂದರೆ ನಲವತ್ತೇಳಕ್ಕೆ ವಯಸ್ಸನ್ನು ದೂರುವ ಹಾಗಿಲ್ಲ. ಕೂರುವುದು ಜಾಸ್ತಿಯಾಗಿದೆ, ಮಾಂಸಖಂಡ ಕರಗಿದೆ, ನಿದ್ದೆ ಕೆಟ್ಟಿದೆ. ಈ ಮೂರನ್ನೂ ಸರಿಮಾಡಿಕೊಳ್ಳಬಹುದು.

ಸಕ್ಕರೆ ಗಡಿಯಲ್ಲಿದೆ ಅಂದಿರಿ. ಅದಕ್ಕೆ ಅಮೆರಿಕದ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ’ ಎಂಬ ಅಧ್ಯಯನ ನಿಮಗೆ ಹೇಳಿ ಮಾಡಿಸಿದ ಹಾಗಿದೆ. 3,200ಕ್ಕೂ ಹೆಚ್ಚು ಜನ, ಸರಾಸರಿ ವಯಸ್ಸು 51, ಎಲ್ಲರೂ ನಿಮ್ಮ ಹಾಗೆ ಗಡಿಯಲ್ಲಿದ್ದವರು. ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ವಾರಕ್ಕೆ 150 ನಿಮಿಷ ಚಟುವಟಿಕೆ, ತೂಕದಲ್ಲಿ ಶೇ 7ರಷ್ಟು ಇಳಿಕೆ. ಊಟದಲ್ಲೂ ಸ್ವಲ್ಪ ಕಡಿತ ಇತ್ತು. 2002ರಲ್ಲಿ ಫಲಿತಾಂಶ ಬಂದಾಗ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆಗೆ ತಿರುಗಿದವರ ಪ್ರಮಾಣ, ಬರೀ ಡಮ್ಮಿ ಮಾತ್ರೆ ತೆಗೆದುಕೊಂಡವರಿಗಿಂತ ಶೇ 58ರಷ್ಟು ಕಡಿಮೆ ಇತ್ತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಇಳಿಕೆ ಶೇ 31 ಮಾತ್ರ. ನಿಮ್ಮ 82ಕ್ಕೆ ಶೇ 7 ಅಂದರೆ ಆರು ಕೆ.ಜಿ.ಯೂ ಆಗುವುದಿಲ್ಲ. ಸಣ್ಣಗೆ ಕಾಣಲು ಇದು ಸಾಲದಿರಬಹುದು. ಸಕ್ಕರೆಯ ಮಟ್ಟಿಗೆ ದೊಡ್ಡದೇ.

ನನ್ನ ವಿಷಯ ಹೇಳುವುದಾದರೆ, ಎರಡೂವರೆ ವರ್ಷದಲ್ಲಿ ಹನ್ನೊಂದು ಕೆ.ಜಿ. ಹತ್ತಿರ ಇಳಿದಿದೆ. ನಡುವೆ ತಿಂಗಳುಗಟ್ಟಲೆ ತಕ್ಕಡಿ ಅಲ್ಲಾಡಲೇ ಇಲ್ಲ. ಬೆಳಿಗ್ಗೆ ನಲವತ್ತೈದು ನಿಮಿಷ ನಡಿಗೆ, ರಾತ್ರಿ ಊಟ ಬೇಗ, ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ. ಇದನ್ನು ಪಥ್ಯ ಅಂತೀರೋ ಏನೋ, ನನಗೆ ಹಾಗನ್ನಿಸಲಿಲ್ಲ.

44, ಎರಡು ಮಕ್ಕಳ ತಾಯಿ

ಒಂದು ಡಬ್ಬಿ ಸಿಹಿ ತಂಪು ಪಾನೀಯದಲ್ಲಿ ಸುಮಾರು 140 ಕ್ಯಾಲೊರಿ ಇರುತ್ತದೆ. ಮೇಲೆ ಹೇಳಿದ ಅರ್ಧ ಗಂಟೆಯ ನಡಿಗೆ ಅಲ್ಲಿಗೆ ಮುಗಿಯಿತು. ವ್ಯಾಯಾಮದಿಂದ ಮಾತ್ರ ಇಳಿಸುತ್ತೇನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪಥ್ಯ ಬೇಡ ಸರ್, ಕುಡಿಯುವ ಸಕ್ಕರೆ ಮಾತ್ರ ಬಿಡಿ.

51, ಶಿಕ್ಷಕಿ

ಇಲ್ಲಿ ಎಲ್ಲರೂ ನಡಿಗೆ ನಡಿಗೆ ಅನ್ನುತ್ತಿದ್ದೀರಿ. ಮಾಂಸಖಂಡದ ಕಡೆ ಸ್ವಲ್ಪ ನೋಡಿ. ಮೂವತ್ತು ದಾಟಿದ ಮೇಲೆ ಬಳಸದ ಮಾಂಸಖಂಡ ವರ್ಷ ವರ್ಷ ಸವೆಯುತ್ತಾ ಹೋಗುತ್ತದೆ. ತಿನ್ನುವುದು ಕಡಿಮೆ ಮಾಡಿ ಬರೀ ನಡೆಯುತ್ತಿದ್ದರೆ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಬಲ ಕೊಡುವ ವ್ಯಾಯಾಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಡಿಗೆಯ ಜೊತೆಗೆ ಅದು, ಬದಲಿಗೆ ಅಲ್ಲ.

ನನಗೆ ಮುಟ್ಟು ನಿಲ್ಲುವ ಸಮಯದಲ್ಲಿ ಕೊಬ್ಬೆಲ್ಲ ಹೊಟ್ಟೆ ಸುತ್ತ ಸೇರತೊಡಗಿತು. ಈಸ್ಟ್ರೋಜನ್ ಹಾರ್ಮೋನು ಇಳಿದಾಗ ಹಾಗಾಗುವುದು ಸಾಮಾನ್ಯ. ತಿನ್ನುವುದು ಮೊದಲಿನಷ್ಟೇ, ಸೊಂಟ ಮಾತ್ರ ದಪ್ಪ. ಇದನ್ನು ಓದುವ ಹೆಂಗಸರು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಜಿಮ್ಮಿಗೆ ನಾನು ಹೋಗಲಿಲ್ಲ. ಅಲ್ಲಿನ ಕನ್ನಡಿಗಳೇ ಸಾಕು ಹೆದರಿಸಲು! ಮನೆಯಲ್ಲೇ ನಾಲ್ಕು ಕೆಲಸ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಗೋಡೆಗೆ ಕೈ ಕೊಟ್ಟು ಪುಷ್‌ಅಪ್. ಪುಸ್ತಕ ತುಂಬಿದ ಚೀಲವನ್ನು ಬೆನ್ನು ನೇರ ಇಟ್ಟುಕೊಂಡು ನೆಲದಿಂದ ಎತ್ತುವುದು, ಅದೇ ಚೀಲವನ್ನು ಒಂದೊಂದೇ ಕೈಯಲ್ಲಿ ಸೊಂಟದವರೆಗೆ ಎಳೆಯುವುದು. ಒಂದೊಂದನ್ನೂ ಎಂಟರಿಂದ ಹನ್ನೆರಡು ಸಲ, ಎರಡು ಸುತ್ತು. ಕೊನೆಯ ಒಂದೆರಡು ಕಷ್ಟ ಅನ್ನಿಸಬೇಕು. ಸಲೀಸಾಗಿ ಆಗುತ್ತಿದ್ದರೆ ಚೀಲಕ್ಕೆ ಇನ್ನೊಂದು ಪುಸ್ತಕ ಹಾಕಿ. ಊಟದಲ್ಲಿ ಪ್ರೋಟೀನ್ ಸಾಕಷ್ಟು ಇರಲಿ, ಇಲ್ಲದಿದ್ದರೆ ಪಟ್ಟ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲ.

ಮೊದಲ ಆರೇಳು ತಿಂಗಳು ತೂಕ ಇಳಿಯಲೇ ಇಲ್ಲ, ಬಟ್ಟೆ ಮಾತ್ರ ಸಡಿಲವಾಯಿತು. ತಕ್ಕಡಿಯನ್ನಷ್ಟೇ ನೋಡಿದ್ದರೆ ಆಗಲೇ ಬಿಟ್ಟುಬಿಡುತ್ತಿದ್ದೆ.

58, ನಿವೃತ್ತಿ ಹತ್ತಿರ

ಮಂಡಿ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಎರಡೂ ಮಂಡಿ ಸವೆದಿವೆ. ತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆ.ಜಿ.ಯಷ್ಟು ಕಡಿಮೆಯಾಗುತ್ತದೆ ಎಂದು 2005ರ ಒಂದು ಅಧ್ಯಯನದಲ್ಲಿದೆ. ಮಂಡಿ ಸವೆದಿದ್ದ, ತೂಕ ಜಾಸ್ತಿ ಇದ್ದ ಹಿರಿಯರಲ್ಲೇ ಅಳೆದದ್ದು. ನಿಮಗೆ ಇಳಿದ ಆ ಒಂದು ಕೆ.ಜಿ.ಗೆ ಮಂಡಿ ಆಗಲೇ ಥ್ಯಾಂಕ್ಸ್ ಹೇಳುತ್ತಿರಬೇಕು.

ಸಮತಟ್ಟಾದ ಜಾಗದಲ್ಲಿ ನಡೆಯಿರಿ. ಇಳಿಜಾರಿನಲ್ಲಿ ಇಳಿಯುವುದು ಹತ್ತುವುದಕ್ಕಿಂತ ಮಂಡಿಗೆ ಕಷ್ಟ. ಒಂದು ದಿನ ನಡಿಗೆ, ಒಂದು ದಿನ ಸೈಕಲ್ ಎಂದು ಬದಲಿಸಿ. ಈಜು ಬಂದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮೇಡಂ ಹೇಳಿದ ಕುರ್ಚಿ ವ್ಯಾಯಾಮ ನಿಮಗೂ ಬೇಕು, ತೊಡೆ ಗಟ್ಟಿಯಾದರೆ ಮಂಡಿಗೆ ಆಸರೆ. ಎತ್ತರದ ಕುರ್ಚಿಯಿಂದ ಶುರು ಮಾಡಿ. ವ್ಯಾಯಾಮದ ವೇಳೆ ಸ್ವಲ್ಪ ನೋವು ಬಂದು ಮರುದಿನಕ್ಕೆ ಹೋದರೆ ಮುಂದುವರಿಸಬಹುದು. ಮಂಡಿ ಊದಿಕೊಂಡರೆ, ಮಧ್ಯದಲ್ಲೇ ಸಿಕ್ಕಿಹಾಕಿಕೊಂಡ ಹಾಗಾದರೆ ಡಾಕ್ಟರಿಗೆ ತೋರಿಸಿ.

45, ಶಿಫ್ಟ್ ಕೆಲಸ

ನನಗೆ ‘ದಿನಾ ಬೆಳಿಗ್ಗೆ’ ಎಂಬುದೇ ಇಲ್ಲ. ಹತ್ತು ನಿಮಿಷ ಇಲ್ಲಿ, ಹದಿನೈದು ಅಲ್ಲಿ ಎಂದು ಕೂಡಿಸಿಕೊಳ್ಳುತ್ತೇನೆ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಬೇಕು ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೈಬಿಟ್ಟಿದೆ. ವಾರಕ್ಕೆ 150ರಿಂದ 300 ನಿಮಿಷ ಆಗಬೇಕು, ಹೇಗೆ ಕೂಡಿಸಿದರೂ ಸರಿ. ಊಟವಾದ ಮೇಲೆ ಹತ್ತು ನಿಮಿಷ ನಡೆಯುವುದು ನಿಮಗೆ ಇನ್ನೂ ಒಳ್ಳೆಯದು, ಊಟದ ನಂತರ ಸಕ್ಕರೆ ಏರುವುದನ್ನು ಅದು ತಗ್ಗಿಸುತ್ತದೆ.

ಹತ್ತು ಸಾವಿರ ಹೆಜ್ಜೆಯ ಹಿಂದೆ ಬೀಳಬೇಡಿ. ಆ ಸಂಖ್ಯೆ ಹೆಸರು ಮಾಡಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಸಾಧನದಿಂದ. ವಯಸ್ಸಾದ ಹೆಂಗಸರ ಮೇಲೆ ನಡೆದ 2019ರ ಒಂದು ಅಧ್ಯಯನದಲ್ಲಿ ಸಾವಿನ ಅಪಾಯ ಇಳಿಯುತ್ತಾ ಬಂದು 7,500ರ ಹತ್ತಿರ ನಿಂತಿತ್ತು. ಅದಾದ ಮೇಲಿನ ಹೆಜ್ಜೆಗಳಿಂದ ಆ ವಿಷಯದಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಲೆಕ್ಕ ನೋಡಿ ಸಮಾಧಾನವಾಯಿತು. ಇನ್ನೆರಡು ಪ್ರಶ್ನೆ. ‘ಚುರುಕಾಗಿ’ ಅಂದರೆ ಎಷ್ಟು ಜೋರು? ತಕ್ಕಡಿ ಪ್ರತಿದಿನ ಹತ್ತಬೇಕಾ?

53, ಲೆಕ್ಕಪತ್ರದ ಕೆಲಸ

ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ ಅಳತೆ, ವಾಚು ಗೀಚು ಏನೂ ಬೇಡ.

ತಕ್ಕಡಿ ದಿನಾ ಹತ್ತುವುದಾದರೆ ವಾರದ ಸರಾಸರಿ ಬರೆದಿಡಿ, ಒಂದೊಂದು ದಿನದ್ದು ನಂಬಬೇಡಿ. ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ, ಅದರ ಒಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಉಪ್ಪು ಜಾಸ್ತಿ ತಿಂದರೂ ನೀರು ನಿಲ್ಲುತ್ತದೆ. ಒಂದು ಒಳ್ಳೆಯ ಊಟದ ಮರುದಿನ ಒಂದು ಕೆ.ಜಿ. ಏರಿದರೆ ಅದು ಕೊಬ್ಬಲ್ಲ. ಮೊದಲ ವಾರದಲ್ಲೇ ಮೂರು ಕೆ.ಜಿ. ಇಳಿಸುತ್ತೇವೆ ಎನ್ನುವ ಜಾಹೀರಾತುಗಳ ಗುಟ್ಟೂ ಇದೇ ನೀರು.

ತಕ್ಕಡಿಗಿಂತ ಟೇಪು ಒಳ್ಳೆಯದು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುಮಧ್ಯಕ್ಕೆ ಟೇಪು ಹಿಡಿಯಿರಿ. ಉಸಿರು ಬಿಟ್ಟು ಅಳೆಯಿರಿ, ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮಗೆ 82 ಸೆಂ.ಮೀ. ಆಸುಪಾಸು. ತಿಂಗಳಿಗೊಮ್ಮೆ ಸಾಕು.

60, ಸಕ್ಕರೆ ಕಾಯಿಲೆ ಇರುವವರು

ಇವರಿಗೆ ಮಾತ್ರೆ ಇಲ್ಲ, ಸರಿ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮ ಜಾಸ್ತಿ ಮಾಡುವ ಮೊದಲು ಡಾಕ್ಟರಿಗೆ ಹೇಳಿ. ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರಬಹುದು. ಜೇಬಿನಲ್ಲಿ ಏನಾದರೂ ಸಿಹಿ ಇರಲಿ. ನಡೆಯುವಾಗ ಎದೆ ಬಿಗಿದರೆ ನಿಲ್ಲಿ. ನೋವು ಎಡಗೈಗೆ, ದವಡೆಗೆ ಹರಿದರೂ ನಿಲ್ಲಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು ತೂಕದ ವಿಷಯ. ನನಗೆ ಇಷ್ಟು ವರ್ಷದಲ್ಲಿ ಇಳಿದದ್ದು ನಾಲ್ಕೇ ಕೆ.ಜಿ. ಬಿ.ಪಿ. ಇಳಿದಿದೆ, ನಿದ್ದೆ ಚೆನ್ನಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಇಳಿದ ನಾಲ್ಕು ವಾಪಸ್ ಬಂದಿಲ್ಲ ಅನ್ನುವುದೇ ನನಗೆ ದೊಡ್ಡದು. ಅಮೆರಿಕದಲ್ಲಿ 1994ರಿಂದ ‘ನ್ಯಾಷನಲ್ ವೆಯ್ಟ್ ಕಂಟ್ರೋಲ್ ರಿಜಿಸ್ಟ್ರಿ’ ಎಂಬುದಿದೆ. ಕನಿಷ್ಠ 13.6 ಕೆ.ಜಿ. ಇಳಿಸಿ ವರ್ಷವಾದರೂ ಹಾಗೇ ಉಳಿಸಿಕೊಂಡವರು ಅದಕ್ಕೆ ಸೇರುತ್ತಾರೆ. ಅವರಲ್ಲಿ ಸುಮಾರು ಶೇ 90 ಮಂದಿ ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟು ವ್ಯಾಯಾಮ ಮಾಡುವವರು. ಇಳಿಸಲು ಊಟ ನೆರವಾದರೆ, ಇಳಿದದ್ದನ್ನು ಉಳಿಸಿಕೊಳ್ಳಲು ವ್ಯಾಯಾಮ ಬೇಕು ಎಂದು ನನ್ನ ಲೆಕ್ಕ.

49, ಪ್ರಯಾಣದ ಕೆಲಸ

ಜ್ವರ, ಮದುವೆ, ಪ್ರಯಾಣ ಎಂದು ಮಧ್ಯೆ ಮಧ್ಯೆ ತಪ್ಪಿಯೇ ತಪ್ಪುತ್ತದೆ ಸರ್. ಎರಡು ವಾರ ಬಿಟ್ಟು ಬಂದ ಮೇಲೆ ಮೊದಲ ದಿನವೇ ಹಳೆಯ ವೇಗಕ್ಕೆ ಹೋಗಬೇಡಿ, ಮಂಡಿ ನೋವು ಇರುವವರಂತೂ ಬೇಡವೇ ಬೇಡ. ಅರ್ಧದಿಂದ ಶುರು ಮಾಡಿ ಒಂದೆರಡು ವಾರದಲ್ಲಿ ಮೊದಲಿನಷ್ಟಕ್ಕೆ ಬನ್ನಿ. ಜ್ವರ ಬಂದಿದ್ದರೆ ಪೂರ್ತಿ ಬಿಟ್ಟ ಮೇಲೂ ಒಂದೆರಡು ದಿನ ಕಾಯಿರಿ. ತಪ್ಪಿದ ದಿನಗಳನ್ನು ಭಾನುವಾರ ಒಂದೇ ದಿನ ಎರಡು ಗಂಟೆ ನಡೆದು ತೀರಿಸಲು ಹೋಗಬೇಡಿ.